ಆಗದ ಖರ್ಚಿನ ರಾಯರು

ಪ್ರತಿಯೊಂದು ಬಡಾವಣೆಯಲ್ಲಿಯೂ, ಅದರಲ್ಲಿಯೂ ಮೈಸೂರಿನಂಥ ಪಿಂಚಣಿದಾರರ ಪಟ್ಟಣದ ಪ್ರತಿಯೊಂದು ಬಡಾವಣೆಯಲ್ಲಿಯೂ, ತಪ್ಪದೆ ಒಬ್ಬ ಮಹನೀಯರಿರುತ್ತಾರೆ. ಅವರ ಕೊಡೆ ಅವರ ಹಿರಿಯ ಮಗನಿಗಿಂತ ವಯಸ್ಸಿನಲ್ಲಿ ದೊಡ್ಡದಾಗಿರುತ್ತದೆ, ಅವರ ಕನ್ನಡಕದ ಒಂದು ಕಡ್ಡಿ ಹಿತ್ತಾಳೆಯ ತಂತಿಯದಾಗಿರುತ್ತದೆ, ಅವರ ಅಂಗಿಯ ಗುಂಡಿಗಳಲ್ಲಿ ಯಾವ ಎರಡೂ ಒಂದೇ ಗೋತ್ರಕ್ಕೆ ಸೇರಿದವಾಗಿರುವುದಿಲ್ಲ. ಆದರೂ ಅವರನ್ನು ಕಂಡವರಾರೂ ಬಡವರೆಂದು ಭ್ರಮಿಸುವುದಿಲ್ಲ, ಏಕೆಂದರೆ ಒಗೆದು, ನೀಲಿಯಲ್ಲಿ ಅದ್ದಿ, ನೆರಿಗೆ ಕೆಡದಂತೆ ಉಟ್ಟ ಆ ಪಂಚೆಯಲ್ಲಿ ದಾರಿದ್ರ್ಯದ ದೈನ್ಯಕ್ಕೆ ಬದಲಾಗಿ ಒಂದು ಬಗೆಯ ವಿಜಯೋತ್ಸಾಹವೇ ಎದ್ದು ಕಾಣುತ್ತಿರುತ್ತದೆ. ಚಾಮರಾಜಪುರದ ನಮ್ಮ ಬೀದಿಯಲ್ಲಿ ಈ ಸ್ಥಾನವನ್ನು ಅಲಂಕರಿಸಿರುವವರು ರಾಯರು. ಅವರಿಗೆ ಪೂರ್ತಿ ಹೆಸರೊಂದು ಇದೆಯಾದರೂ ಅದನ್ನು ಅವರು ಪಿಂಚಣಿಯ ರಸೀತಿಗಳಲ್ಲಲ್ಲದೆ ಬೇರೆಲ್ಲಿಯೂ ಉಪಯೋಗಿಸುವವರಲ್ಲವಾದ್ದರಿಂದ, ನಾವೂ ಅದನ್ನು ಇಲ್ಲಿ ವೃಥಾ ಸವೆಸುವುದು ಉಚಿತವಲ್ಲ.

ಅವರನ್ನು ಜಿಪುಣರೆಂದು ಆಡಿಕೊಳ್ಳುವವರು ಬೀದಿಯಲ್ಲಿ ಇಲ್ಲದಿಲ್ಲ. ಇದು ಅವಿಚಾರದ ಮಾತು. ಜಿಪುಣನಿಗೆ ಹಣದ ಮೇಲೆ ಮೋಹ. ರಾಯರಿಗೆ ಪದಾರ್ಥದ ಮೇಲೆ ಮರುಕ. ಗುರುವಾರ ಗುರುವಾರ ಅವರ ಮನೆಗೆ ವಾರಾನ್ನಕ್ಕೆ ಬರುವ ಹುಡುಗನ ಎಲೆಗೆ ಬೀಳುವ ತುಪ್ಪಕ್ಕೂ ಯಜಮಾನರ ಎಲೆಗೆ ಬೀಳುವ ತುಪ್ಪಕ್ಕೂ ಎಳ್ಳಷ್ಟೂ ಭೇದವಿಲ್ಲ; ಆದರೆ ಆ ಹುಡುಗ ಎಲೆಯ ತುದಿಯಲ್ಲಿ ಒಂದಗುಳನ್ನು ಬಿಟ್ಟೆದ್ದನೆಂದರೆ, ಅನ್ನದ ಬೆಲೆಗಾಗಿ ಅಲ್ಲ, ಆ ಅಗುಳಿಗಾದ ಅವಮಾನಕ್ಕಾಗಿ, ರಾಯರ ಮುಖ ಬಾಡುತ್ತದೆ. ಕಳಚಿ ಬಿದ್ದ ಒಂದು ಗುಂಡಿಗೆ ಜೊತೆ ಹುಡುಕುವ ಸಲುವಾಗಿ ಅವರು ಬಿಸಿಲಿನಲ್ಲಿ ದೇವರಾಜ ಮಾರುಕಟ್ಟೆಗೆ ಮತ್ತೆ ಮತ್ತೆ ನಡೆದು, ನಡೆದ ಕಾರಣದಿಂದ ಚಪ್ಪಲಿಯ ಅಟ್ಟೆ ಸವೆದು, ಹೊಸ ಅಟ್ಟೆಗೆ ಗುಂಡಿಯ ಹತ್ತರಷ್ಟು ಹಣ ತೆತ್ತು, ಆದರೂ ಗುಂಡಿ ಸಿಕ್ಕಿತೆಂದು ಹಿಗ್ಗುತ್ತ ಮನೆಗೆ ಬಂದದ್ದುಂಟು. ಯಾವ ಜಿಪುಣ ಈ ಕೆಲಸವನ್ನು ಮಾಡಿಯಾನು?

ಮೇಲುಕೋಟೆಯ ಪಂಚೆಯೊಂದು ಅವರ ಗೃಹವನ್ನು ಪ್ರವೇಶಿಸಿತೆಂದರೆ, ಮನುಷ್ಯರಿಗೆ ವಿಧಿಸಿದ ನಾಲ್ಕು ಆಶ್ರಮಗಳೂ ಅದಕ್ಕೆ ಕ್ರಮವಾಗಿ ನಡೆಯತಕ್ಕದ್ದು. ಮೊದಮೊದಲು ಅದು ಹಬ್ಬಹುಣ್ಣಿಮೆಗಳಲ್ಲಿ ಮಾತ್ರ ಹೊರಗೆ ಕಾಣಿಸಿಕೊಂಡು, ಉಳಿದ ಕಾಲವನ್ನೆಲ್ಲ ಪೆಟ್ಟಿಗೆಯೊಳಗೆ ಒಣ ಬೇವಿನೆಲೆಗಳ ಸಹವಾಸದಲ್ಲಿ ಕಳೆಯುವ ಬ್ರಹ್ಮಚಾರಿ. ಅನಂತರ ನಿತ್ಯದ ಉಡುಗೆಯಾಗಿ ಗಾರ್ಹಸ್ಥ್ಯ. ಕುಳಿತೇಳುವ ಭಾಗದಲ್ಲಿ ನೂಲು ಜಾಳಾಯಿತೆಂಬ ಶಂಕೆ ಬಂದ ದಿನ ರಾಯರು ಅದನ್ನು ಜಗುಲಿಯ ಬೆಳಕಿಗೆ ಹಿಡಿದು ನೋಡಿ, ಶಂಕೆ ನಿಜವಾದರೆ, ಉದ್ದಕ್ಕೆ ನಟ್ಟನಡುವೆ ಸೀಳಿ, ಇನ್ನೂ ಗಟ್ಟಿಯಾಗಿರುವ ಎರಡು ಪಕ್ಕಗಳನ್ನು ಒಳಕ್ಕೆ ತಂದು ಜೋಡಿಸಿ ಹೊಲಿಯುವರು. ಸವೆದ ಭಾಗ ಹೊರಗಿನ ಅಂಚಿಗೆ ಹೋಗಿ, ಗಟ್ಟಿ ಭಾಗ ಕುಳಿತೇಳುವ ಭಾರವನ್ನು ವಹಿಸಿಕೊಳ್ಳುವುದರಿಂದ ಗಾರ್ಹಸ್ಥ್ಯ ಇನ್ನೆರಡು ವರ್ಷ ದೀರ್ಘವಾಗುತ್ತದೆ. ಅವರು ರಫು ಹಾಕುವುದನ್ನಂತೂ ನೋಡಿಯೇ ತೀರಬೇಕು. ಹೊರಗಿನ ದಾರವನ್ನು ಅವರು ಮುಟ್ಟುವವರಲ್ಲ. ಅದೇ ಪಂಚೆಯ ತುದಿಯಿಂದ ಒಂದೊಂದೇ ಎಳೆಯನ್ನು ಬಿಡಿಸಿ, ಉರಿದುಳಿದ ಮೇಣದಬತ್ತಿಯ ತುಂಡಿನ ಮೇಲೆ ಅದನ್ನು ಒಮ್ಮೆ ಎಳೆದು ನಯಮಾಡಿ, ಸೂಜಿಗೆ ಪೋಣಿಸಿ, ಹರಕಿನ ಸುತ್ತ ಒಂದಂಗುಲ ಗಟ್ಟಿ ಬಟ್ಟೆಯಿಂದ ಆರಂಭಿಸಿ, ಮೊದಲು ಹಾಸು ಎಳೆಗಳನ್ನು ಕಟ್ಟಿ, ಆಮೇಲೆ ಒಂದು ಎಳೆಯ ಮೇಲೆ, ಮತ್ತೊಂದರ ಕೆಳಗೆ ಎಂಬಂತೆ ಹೊಕ್ಕನ್ನು ಸೇರಿಸುತ್ತ, ತುಟಿಯನ್ನು ಬಿಗಿಹಿಡಿದು, ಉಸಿರನ್ನೂ ಮಿತವಾಗಿ ವ್ಯಯಮಾಡುತ್ತ ಕುಳಿತಿರುವಾಗ, ಬಾಗಿಲಿಗೆ ಸಾಕ್ಷಾತ್ ಅಮಲ್ದಾರರೇ ಬಂದರೂ ತಲೆಯೆತ್ತುವುದಿಲ್ಲ. ಇಷ್ಟಾದ ಮೇಲೆ ವಾನಪ್ರಸ್ಥ: ಚೌಕಗಳಾಗಿ ತುಂಡುಗೊಂಡು ಕಾಫಿಯನ್ನು ಶೋಧಿಸುವುದು, ಒಲೆಯಿಂದ ಪಾತ್ರೆ ಇಳಿಸುವುದು. ಕಡೆಗೆ ಬಣ್ಣವೂ ಹೆಸರೂ ಅಳಿದು ನೆಲ ಒರೆಸುವ ಸಂನ್ಯಾಸ. ಅದೂ ಮುಗಿದ ಮೇಲೆ ಬಚ್ಚಲ ಒಲೆ. ಒಲೆಯ ಬೂದಿಗೆ ಹುಣಸೆಹಣ್ಣಿನ ಹಿಪ್ಪೆ ಸೇರಿಸಿ ಪಾತ್ರೆ ಬೆಳಗುವುದು. ಅವರ ಮನೆಯ ಹಿತ್ತಾಳೆಯ ಚೊಂಬು ಥಳಥಳಿಸುತ್ತಿದ್ದರೆ, ಅದು ಯಾವ ಸಂವತ್ಸರದ ಪಂಚೆಯ ಪ್ರಭಾವವೆಂಬುದನ್ನು ರಾಯರು ಹೇಳಬಲ್ಲರು.

ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಎರಡು ಮಾಡುವುದು, ಆ ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಉಜ್ಜಿ ಮತ್ತೊಂದು ಪಕ್ಷಕಾಲ ಮುಖಕ್ಷೌರಕ್ಕೆ ಒದಗಿಸುವುದು, ಸವೆದ ಸೋಪಿನ ಬಿಲ್ಲೆಯನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುವುದು, ಇವೆಲ್ಲ ಇತರರೂ ಮಾಡುವ ಸಾಮಾನ್ಯ ಧರ್ಮ. ಇವುಗಳಿಂದ ರಾಯರ ಪ್ರತಿಭೆಯನ್ನು ಅಳೆಯಲಾಗದು. ಅವರ ಪ್ರತಿಭೆಗೆ ತಕ್ಕ ರಂಗಸ್ಥಳ ದೊರೆತದ್ದು 1957ರ ಏಪ್ರಿಲ್ 1ರಂದು, ನಮ್ಮ ಸರ್ಕಾರ ಹದಿನಾರಾಣೆಯ ರೂಪಾಯಿಯನ್ನು 100 ನಯಾ ಪೈಸೆಗಳಾಗಿ ಒಡೆದ ದಿನ. ಊರೆಲ್ಲ ಗೊಂದಲದಲ್ಲಿ ಮುಳುಗಿದ್ದಾಗ ರಾಯರೊಬ್ಬರು ಮಾತ್ರ ಪರಿವರ್ತನೆಯ ಕೋಷ್ಟಕವನ್ನು ಸಂಪಾದಿಸಿ, ದೇವರ ಪಟಗಳ ಸಾಲಿನಲ್ಲಿಯೇ ಅದನ್ನು ತಗುಲಿಹಾಕಿ, ಮೂರು ರಾತ್ರಿ ಅದರ ಮುಂದೆ ಧ್ಯಾನಸ್ಥರಾಗಿ ಕುಳಿತರು. ಆಣೆಗೆ ಆರೂಕಾಲು ಪೈಸೆಯಾಗಬೇಕಾದದ್ದು ನ್ಯಾಯ. ಆದರೆ ಕಾಲು ಪೈಸೆಯ ನಾಣ್ಯವಿಲ್ಲದ್ದರಿಂದ ಅರ್ಧವನ್ನೂ ಅದಕ್ಕೆ ಕಡಿಮೆಯಾದುದನ್ನೂ ಬಿಟ್ಟುಬಿಡುವುದು, ಅರ್ಧಕ್ಕೆ ಮಿಕ್ಕುದನ್ನು ಒಂದೆಂದೇ ಎಣಿಸುವುದು ಎಂದು ಸರ್ಕಾರ ಗೊತ್ತುಮಾಡಿತ್ತು. ಆದ್ದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19. ಇಲ್ಲಿ ರಾಯರ ಕಣ್ಣು ಮಿನುಗಿತು. ಮರುದಿನ ಅವರು ಶೆಟ್ಟರ ಅಂಗಡಿಗೆ ಹೋಗಿ, ಒಂದಾಣೆಯ ಜೀರಿಗೆ ಕೊಂಡು 6 ನಯಾ ಪೈಸೆ ಕೊಟ್ಟು, ಮೆಟ್ಟಿಲಿಳಿದು, ಆಗ ತಾನೆ ನೆನಪಾದವರಂತೆ ಮತ್ತೆ ಮೆಟ್ಟಿಲೇರಿ, ಎರಡಾಣೆಯ ಜೀರಿಗೆ ಕೊಂಡು 12 ಕೊಟ್ಟರು.

“ಸ್ವಾಮಿ, ಮೂರಾಣೆಯದನ್ನು ಒಟ್ಟಿಗೇ ಕಟ್ಟಿ ಕೊಡುತ್ತಿದ್ದೆನಲ್ಲ?” ಎಂದರು ಶೆಟ್ಟರು.

“ಕೊಡುತ್ತಿದ್ದಿರಿ ಶೆಟ್ಟರೇ; ಹತ್ತೊಂಬತ್ತು ತೆಗೆದುಕೊಳ್ಳುತ್ತಲೂ ಇದ್ದಿರಿ.”

ಈ ತತ್ತ್ವವನ್ನು ಅದರ ತಾರ್ಕಿಕ ಪರಿಣಾಮದವರೆಗೆ ಒಯ್ದಾಗ, ಒಂದು ರೂಪಾಯಿಯ ಬೇಳೆಯನ್ನು ಎರಡೆರಡಾಣೆಯಂತೆ ಎಂಟು ಸಾರಿ ಕೊಂಡರೆ 96 ನಯಾ ಪೈಸೆಗೇ ಮುಗಿಯುವುದೆಂಬುದು ಸಿದ್ಧವಾಯಿತು. ನಾಲ್ಕನೆಯ ಪೊಟ್ಟಣದ ಹೊತ್ತಿಗೆ ಹಿಂದೆ ನಿಂತ ಗಿರಾಕಿಗಳು ಗೊಣಗತೊಡಗಿ, ಶೆಟ್ಟರು ಕೈಮುಗಿದು, “ತೊಂಬತ್ತಾರೇ ಕೊಡಿ ಸ್ವಾಮಿ, ಒಟ್ಟಿಗೇ ತೂಗಿಬಿಡುತ್ತೇನೆ” ಎಂದರು. ರಾಯರು ಒಪ್ಪಿದರು, ಆದರೆ ಪೂರ್ಣ ಸಂತೋಷದಿಂದ ಅಲ್ಲ. ಮಿಕ್ಕ ನಾಲ್ಕು ಪೊಟ್ಟಣಗಳ ಕಾಗದವೂ ದಾರವೂ ಅದರಿಂದ ಕೈತಪ್ಪಿತಲ್ಲ ಎಂಬ ಕೊರಗು ಅವರನ್ನು ಆ ವಾರವೆಲ್ಲ ಬಾಧಿಸಿತು.

ಸರ್ಕಾರಗಳ ವಿಷಯದಲ್ಲಿ ರಾಯರಿಗೆ ಸಾಮಾನ್ಯವಾಗಿ ಗೌರವ ಕಡಮೆ. ಅವರ ಮನಸ್ಸಿಗೆ ಹಿಡಿಸಿದ ಸರ್ಕಾರಿ ಕಾರ್ಯವೆಂದರೆ ಒಂದೇ: ಯುದ್ಧಕಾಲದಲ್ಲಿ, 1943ರಲ್ಲಿ, ಲೋಹದ ಅಭಾವದಿಂದ ಕಾಲಾಣೆಯ ಬಿಲ್ಲೆಯ ನಡುವನ್ನು ಕೊರೆದು ತೂತುಮಾಡಿ ಚಲಾವಣೆಗೆ ತಂದದ್ದು. ತನ್ನ ನಾಣ್ಯದ ಹೊಟ್ಟೆಯನ್ನೇ ಕೊರೆದು ಉಳಿಸುವ ಸರ್ಕಾರ ಎಲ್ಲಿಯಾದರೂ ಉಂಟೆ ಎಂದು ಅವರು ಈಗಲೂ ಕೊಂಡಾಡುತ್ತಾರೆ. ಅಂಥ ಬಿಲ್ಲೆಗಳ ಒಂದು ಸರವನ್ನು ಅವರು ಇಟ್ಟುಕೊಂಡಿರುವುದು ನಾಣ್ಯಸಂಗ್ರಹದ ಚಪಲದಿಂದಲ್ಲ; ಬಾಗಿಲ ಚಿಲಕದಿಂದ ಸೈಕಲ್ಲಿನ ಮಡ್‌ಗಾರ್ಡಿನವರೆಗೆ ತಿರುಪುಮೊಳೆ ಸಡಿಲಾದ ಕಡೆಗಳಲ್ಲೆಲ್ಲ ಅವು ವಾಷರಿನ ಕೆಲಸಕ್ಕೆ ಹೇಳಿಮಾಡಿಸಿದಂತಿವೆ.

ತಿಂಗಳ ಮೊದಲ ವಾರದಲ್ಲಿ ಪಿಂಚಣಿ ಬಂದ ಸಂಜೆ ಅವರ ನಡುಮನೆ ಖಜಾನೆಯ ಶಾಖೆಯಾಗಿ ಮಾರ್ಪಡುತ್ತದೆ. ಹಾರ್ಲಿಕ್ಸ್, ಓವಲ್ಟೀನ್ ಮೊದಲಾದ ಹಳೆಯ ಡಬ್ಬಿಗಳು, ಅಕ್ಕಿ, ಹಾಲು, ಸೌದೆ, ಔಷಧ, ಧರ್ಮ, ಆಕಸ್ಮಿಕ ಎಂಬ ಚೀಟಿಗಳನ್ನು ಧರಿಸಿ ಸಾಲಾಗಿ ಕೂರುತ್ತವೆ. ಒಂದೊಂದಕ್ಕೂ ಅದರದರ ಪಾಲು ಎಣಿಸಿ ಬೀಳುತ್ತದೆ. ಮಳೆಗಾಲದಲ್ಲಿ ಸೌದೆಯ ಡಬ್ಬಿ ಬರಿದಾದರೆ, ಅದು ಔಷಧದ ಡಬ್ಬಿಯಿಂದ ಕೈಗಡ ಪಡೆಯಬಹುದು, ಆದರೆ ಪತ್ರವಾಗಬೇಕು. “ಔಷಧದ ಡಬ್ಬಿಯಿಂದ ಒಂದೂವರೆ ರೂಪಾಯಿ ಪಡೆದಿದ್ದೇನೆ, ಮುಂದಿನ ತಿಂಗಳು ತೀರಿಸತಕ್ಕದ್ದು” ಎಂದು ಸೌದೆಯ ಪರವಾಗಿ ರಾಯರು ಬರೆದು, ಔಷಧದ ಪರವಾಗಿ ರಾಯರೇ ಅಂಗೀಕರಿಸಿ, ಮೊಬಲಗು ಅಲ್ಪವಾದ್ದರಿಂದ ರೆವಿನ್ಯೂ ಸ್ಟಾಂಪಿನ ಅವಶ್ಯಕತೆ ಇಲ್ಲವೆಂದು ಷರಾ ಹಾಕುವರು. ಧರ್ಮದ ಡಬ್ಬಿಯಿಂದ ಮಾತ್ರ ಯಾರಿಗೂ ಸಾಲ ಹುಟ್ಟುವುದಿಲ್ಲ.

ಈ ಪತ್ರಗಳಿಗೂ, ಸಮಸ್ತ ಲೆಕ್ಕಕ್ಕೂ ಕಾಗದವನ್ನು ಒದಗಿಸುವವರು ಮದುವೆಯ ಮನೆಯವರು. ಲಗ್ನಪತ್ರಿಕೆಯ ಖಾಲಿ ಬೆನ್ನೇ ರಾಯರ ದಿನಚರಿ. ಒಂದು ಮಗ್ಗುಲಲ್ಲಿ ಚಿರಂಜೀವಿಯೊಬ್ಬನೂ ಸೌಭಾಗ್ಯವತಿಯೊಬ್ಬಳೂ ಗುರುಹಿರಿಯರ ಆಶೀರ್ವಾದದಿಂದ ಸೇರುತ್ತಿದ್ದರೆ, ಇನ್ನೊಂದು ಮಗ್ಗುಲಲ್ಲಿ ಬದನೆಕಾಯಿಯೂ ಹುಣಸೆಹಣ್ಣೂ ಅದೇ ಶುಭಮುಹೂರ್ತದಲ್ಲಿ ಒಟ್ಟುಗೂಡುತ್ತಿರುತ್ತವೆ. ಎರಡೂ ಕಡೆ ಅಚ್ಚುಹಾಕಿಸಿದ ಪತ್ರಿಕೆ ಬಂದರೆ ರಾಯರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಆಡಂಬರದ ಜನ, ಈ ಸಂಬಂಧ ಹೇಗೆ ಸಾಗುತ್ತದೋ” ಎಂದು ನಿಟ್ಟುಸಿರುಬಿಡುವರು.

ಯುಗಾದಿಗೆ ಮುಂಚೆ ಸುಣ್ಣ ಬಳಿಸುವ ಸಮಯದಲ್ಲಿ ಮಾತ್ರ ಈ ಸಾಮ್ರಾಜ್ಯದಲ್ಲಿ ಅಂತಃಕಲಹ ತಲೆದೋರುತ್ತದೆ. ಅಟ್ಟವನ್ನು ಇಳಿಸಿ ಬೇಡದ್ದನ್ನು ಹೊರಹಾಕಬೇಕೆಂಬುದು ಅವರ ಪತ್ನಿಯ ಪ್ರತಿವರ್ಷದ ಸಂಕಲ್ಪ. ರಾಯರದೂ ವಿರೋಧವಿಲ್ಲ, ಬೇಡದ್ದು ಯಾವುದೆಂದು ನಿರ್ಣಯವಾಗಬೇಕು, ಅಷ್ಟೆ. ಪ್ರತಿಯೊಂದು ವಸ್ತುವಿಗೂ ಅವರು ಮೂರು ಪ್ರಶ್ನೆಗಳನ್ನು ಹಾಕುತ್ತಾರೆ: ಇದು ಇದ್ದಂತೆಯೇ ಉಪಯೋಗಕ್ಕೆ ಬಂದೀತೆ? ಮತ್ತೊಂದಾಗಿ ಮಾರ್ಪಟ್ಟು ಬಂದೀತೆ? ಇಲ್ಲವಾದರೆ, ಇನ್ನೊಂದರ ಊನವನ್ನು ತುಂಬೀತೆ? ಸೃಷ್ಟಿಯಲ್ಲಿ ಈ ಮೂರು ಪ್ರಶ್ನೆಗಳಿಗೂ ಇಲ್ಲವೆಂದು ಉತ್ತರ ಕೊಡಬಲ್ಲ ಪದಾರ್ಥವೇ ಇಲ್ಲವಷ್ಟೆ.

“ಏನೂಂದ್ರೆ, ಈ ತಳವಿಲ್ಲದ ಕೊಡ ಯಾಕೆ?”

“ತಳ ಹೋದರೇನಾಯಿತೇ? ಕಂಠ ಚೆನ್ನಾಗಿದೆಯಲ್ಲ.”

“ಕಂಠ ಚೆನ್ನಾಗಿದ್ದರೆ ರಾಮೋತ್ಸವದಲ್ಲಿ ಕಚೇರಿಗೆ ಕೂರಿಸಿ.”

ಸಾಯಂಕಾಲದ ವೇಳೆಗೆ ಅಟ್ಟದ ಸಾಮಾನೆಲ್ಲ ಧೂಳು ಝಾಡಿಸಿಕೊಂಡು ಮರಳಿ ಅಟ್ಟವನ್ನೇರುತ್ತದೆ. ಕಟ್ಟುವುದಕ್ಕೆ ತಂದ ಹಗ್ಗವೊಂದು ಹೆಚ್ಚಾಗಿರುತ್ತದೆ. ಈ ನ್ಯಾಯಸ್ಥಾನದಲ್ಲಿ ಗೆಲುವಿಲ್ಲವೆಂದು ಅರಿತ ಆಕೆ, ಒಮ್ಮೆ ರಾಯರು ಮಧ್ಯಾಹ್ನ ಪತ್ರಿಕೆ ಓದಲು ವಾಚನಾಲಯಕ್ಕೆ ಹೋದ ಸಮಯ ನೋಡಿ, ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳನ್ನು ಕರೆದು, ರಾಯರ ನಿವೃತ್ತ ಕೋಟೊಂದನ್ನು ಕೊಟ್ಟು ಅಲ್ಯೂಮಿನಿಯಂ ಡಬರಿಯೊಂದನ್ನು ಪಡೆದರು. ರಾಯರು ಬಂದು, ಕೋಟಿಗಾಗಿ ಒಂದು ಗಳಿಗೆ ಮೌನವಾಗಿದ್ದು, ಡಬರಿಯನ್ನು ತಟ್ಟಿ ನೋಡಿ, ಲೆಕ್ಕದ ಪುಸ್ತಕವನ್ನು ತೆರೆದರು.

ಆ ಪುಸ್ತಕದ ಗುಟ್ಟನ್ನು ಈಗ ಹೇಳಬೇಕು. ಲೋಕದ ಲೆಕ್ಕಗಳಲ್ಲಿ ಜಮಾ, ಖರ್ಚು ಎಂದು ಎರಡೇ ಕಾಲಂ. ರಾಯರದರಲ್ಲಿ ಮೂರನೆಯದೊಂದು ಉಂಟು: ಆಗದ ಖರ್ಚು. ಜಟಕಾ ಹತ್ತದೆ ನಡೆದು ಬಂದರೆ ಜಟಕಾದ ಬಾಡಿಗೆ ಅಲ್ಲಿ ಬೀಳುತ್ತದೆ. ಡಬರಿ ಕೊಳ್ಳದೆ ಬಂದದ್ದರಿಂದ ಅದರ ಬೆಲೆ ಅಲ್ಲಿ ಬಿತ್ತು. ನೆರೆಮನೆಯವರು ರೇಡಿಯೋ ಕೊಂಡ ದಿನ, ತಾವು ಕೊಳ್ಳದ ರೇಡಿಯೋದ ಪೂರ್ಣ ಮೌಲ್ಯವೂ, ಆಗ ಅದಕ್ಕೆ ಬೇಕಾಗಿದ್ದ ಲೈಸೆನ್ಸಿನ ಹಣವೂ ಅಲ್ಲಿಯೇ ದಾಖಲಾದವು. ಹೀಗೆ ವರ್ಷದಿಂದ ವರ್ಷಕ್ಕೆ ಬೆಳೆದ ಆ ಕಾಲಮಿನ ಮೊತ್ತವನ್ನು ರಾಯರು ದೀಪಾವಳಿಯ ರಾತ್ರಿ ಲಕ್ಷ್ಮೀಪೂಜೆಯಾದ ಮೇಲೆ ಗಟ್ಟಿಯಾಗಿ ಓದುವ ಪದ್ಧತಿ. ಓದಿ ಮುಗಿಸುವಾಗ ಅವರ ಧ್ವನಿಯಲ್ಲಿ ಸಾಹುಕಾರನ ಗಾಂಭೀರ್ಯ ತುಂಬಿರುತ್ತದೆ.

ಕಳೆದ ದೀಪಾವಳಿಯಲ್ಲಿ ಓದು ಮುಗಿದೊಡನೆ ಆಕೆ ಶಾಂತವಾಗಿ, “ಇಷ್ಟು ಉಳಿದಿದೆಯಲ್ಲ, ಅದರಲ್ಲಿ ನನಗೊಂದು ರೇಷ್ಮೆ ಸೀರೆ ತನ್ನಿ” ಎಂದರು. ರಾಯರು ಬೆಚ್ಚಿದರು. ಉಳಿದಿಲ್ಲವೆಂದರೆ ತಮ್ಮ ಲೆಕ್ಕವೇ ಸುಳ್ಳೆಂದಾಯಿತು; ಉಳಿದಿದೆಯೆಂದರೆ ಸೀರೆ ತರಬೇಕಾಯಿತು. ಲೆಕ್ಕದ ಶಿರಸ್ತೇದಾರರಾಗಿ ಮೂವತ್ತು ವರ್ಷ ಒಂದು ಕಾಸಿನ ಆಕ್ಷೇಪಣೆಗೂ ಗುರಿಯಾಗದಿದ್ದವರು ಸೀರೆಯನ್ನೇ ಆರಿಸಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ಥಾಪನೆಯಾದ ಸರ್ಕಾರಿ ರೇಷ್ಮೆ ನೇಯ್ಗೆಯ ಕಾರ್ಖಾನೆಯ ಸೀರೆಯೇ ಆಗಬೇಕೆಂದು ಅವರು ಪಟ್ಟುಹಿಡಿದದ್ದು ವೈಭವಕ್ಕಾಗಿ ಅಲ್ಲ. ಕಡಮೆಯದನ್ನು ಕೊಂಡರೆ ಎರಡು ಸಾರಿ ಕೊಂಡಂತೆ ಎಂಬುದು ಅವರ ಸಿದ್ಧಾಂತ. ಅಂಗಡಿಯಲ್ಲಿ ಅವರು ಸೆರಗಿನ ಜರಿಯನ್ನು ಕನ್ನಡಕ ಏರಿಸಿ ಪರೀಕ್ಷಿಸಿ, ಈ ಸೀರೆ ಮುಂದೆ ಮೊಮ್ಮಗಳಿಗೆ ಎಷ್ಟು ಲಂಗವಾದೀತು, ಜರಿಗೆ ಆಗ ಏನು ಬೆಲೆ ಬಂದೀತು ಎಂದೆಲ್ಲ ವಿಚಾರಿಸಿದಾಗ, ಮಾರುವವರು ಸ್ವಲ್ಪ ದಿಗ್ಭ್ರಾಂತರಾದರೆಂದು ಕೇಳಿದ್ದೇನೆ. ಆಕೆಗಂತೂ ಬಣ್ಣ ಒಪ್ಪಿತು. ಮಿಕ್ಕ ಮಾತು ಅವರ ಕಿವಿಗೆ ಬೀಳಲಿಲ್ಲ.

ಆ ರಾತ್ರಿ ರಾಯರು ಸೀರೆಯ ಬೆಲೆಯನ್ನು ಖರ್ಚಿನ ಕಾಲಮಿನಲ್ಲಿ ಬರೆದು, ನಡುಗುವ ಕೈಯಿಂದ ಮೂರನೆಯ ಕಾಲಮಿನಲ್ಲಿಯೂ ಅಷ್ಟನ್ನು ಕಳೆದು, ಬಹಳ ಹೊತ್ತು ಚಿಂತಾಕ್ರಾಂತರಾಗಿ ಕುಳಿತಿದ್ದು, ಕೊನೆಗೆ ಮುಖವರಳಿ ಹೊಸದೊಂದು ಬಾಬನ್ನು ಬರೆದರು: “ಎರಡು ಸೀರೆ ಕೊಳ್ಳದೆ ಒಂದನ್ನೇ ಕೊಂಡದ್ದರಿಂದ ಆಗದ ಖರ್ಚು.” ಮೊತ್ತ ಮೊದಲಿದ್ದಷ್ಟೇ ಆಯಿತು. ಈ ಲೆಕ್ಕದಲ್ಲಿ ದೋಷವೆಲ್ಲಿದೆಯೆಂದು ನಾನು ಅನೇಕ ಗಣಿತಜ್ಞರನ್ನು ಕೇಳಿದ್ದೇನೆ. ಅವರು ನಗುತ್ತಾರೆಯೇ ಹೊರತು ಉತ್ತರ ಹೇಳುವುದಿಲ್ಲ. ರಾಯರ ಮನೆಯಲ್ಲಿ ಸಾಲವಿಲ್ಲ, ಮಡಿಯಿಲ್ಲದ ಬಟ್ಟೆಯಿಲ್ಲ, ಹಸಿದು ಬಂದವರನ್ನು ಹಿಂದಕ್ಕೆ ಕಳುಹಿಸಿದ್ದಿಲ್ಲ, ದೋಷವಿದ್ದರೆ ಇರಲಿ.

ವಾಚಕರಲ್ಲಿ ಯಾರ ಮನೆಯಲ್ಲಿಯಾದರೂ ಈ ವೈಶಾಖದಲ್ಲಿ ಮದುವೆಯಿದ್ದರೆ ದಯಮಾಡಿ ರಾಯರನ್ನು ಕರೆಯಿರಿ. ಅವರು ಖಂಡಿತ ಬರುತ್ತಾರೆ, ನಡೆದೇ ಬರುತ್ತಾರೆ, ಎಲೆಯಲ್ಲಿ ಏನನ್ನೂ ಬಿಡುವುದಿಲ್ಲ. ಪತ್ರಿಕೆಯನ್ನು ಮಾತ್ರ ಒಂದೇ ಮಗ್ಗುಲಿಗೆ ಅಚ್ಚುಹಾಕಿಸಿ.