ಮದ್ದು, ಮಂಗ ಮತ್ತು ಬಿಳಿ ಕರಡಿ

ಮದ್ದು ಕುಡಿಯುವಾಗ ಮಂಗನನ್ನು ನೆನೆಯಬಾರದು ಎಂದು ಪಥ್ಯ ಹೇಳಿದ ವೈದ್ಯ ನಮ್ಮಲ್ಲಿ ಎಂದೋ ಆಗಿಹೋದ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ಅದನ್ನೇ ಪ್ರಯೋಗವಾಗಿ ಪ್ರಕಟಿಸಿದರು. ಮಂಗನ ಬದಲು ಬಿಳಿ ಕರಡಿ, ಅಷ್ಟೇ. ಐದು ನಿಮಿಷ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ಭಾಗವಹಿಸಿದವರಿಗೆ ಹೇಳಿದರೆ ಗಂಟೆ ಮತ್ತೆ ಮತ್ತೆ ಮೊಳಗಿತು. ಆಮೇಲೆ ನೆನೆಯಲು ಅಪ್ಪಣೆ ಸಿಕ್ಕಾಗ, ಮೊದಲೇ ಅಪ್ಪಣೆ ಪಡೆದವರಿಗಿಂತ ಇವರನ್ನೇ ಕರಡಿ ಹೆಚ್ಚು ಕಾಡಿತು. ಹೀಗಿರುವಾಗ, ರಾತ್ರಿ ಎರಡಕ್ಕೆ ಸಾಲದ ಕಂತು ನೆನೆದು ಹೊರಳಾಡುವವರಿಗೆ 'ಸುಮ್ನೆ ಯೋಚ್ನೆ ಮಾಡ್ಬೇಡಿ' ಎನ್ನುವವರು ಕರಡಿ ಸಾಕಣೆಗೆ ಸಹಾಯಧನ ಕೊಟ್ಟಂತೆ.

ಇಂಥ ಚಿಂತೆ ಕಾಡಿದಾಗ ಹೇಳಿಕೊಡುವ ಐದು-ನಾಲ್ಕು-ಮೂರು-ಎರಡು-ಒಂದು ಎಂಬ ಉಪಾಯದ ಜಾಣತನ ಇಲ್ಲಿದೆ: ಅದು ಮನಸ್ಸಿಗೆ ಬೇಡ ಎನ್ನುವುದಿಲ್ಲ, ಕೆಲಸ ಕೊಡುತ್ತದೆ. ಕಾಣುವ ಐದು, ಮುಟ್ಟುವ ನಾಲ್ಕು, ಕೇಳುವ ಮೂರು (ಪಕ್ಕದವರ ಗೊರಕೆಗೆ ಇಲ್ಲಿ ಖಾಯಂ ಸ್ಥಾನ), ಮೂಸುವ ಎರಡು, ರುಚಿಯ ಒಂದು. ಒಮ್ಮೆಗೆ ನಾವು ಮನಸ್ಸಿನಲ್ಲಿ ಹಿಡಿದಿಡಬಲ್ಲ ಸಂಗತಿಗಳು ಕೆಲವೇ ಆದ್ದರಿಂದ, ಸೊಳ್ಳೆಪರದೆಯ ತೂತು ಹುಡುಕುವಾಗ ಬಡ್ಡಿ ಲೆಕ್ಕಕ್ಕೆ ಜಾಗ ಕಡಿಮೆ. ಇದೇನು ಹೊಸದು, ಅಜ್ಜಿಯ ಜಪಮಾಲೆಯಲ್ಲಿ 108 ಮಣಿ ಇರಲಿಲ್ಲವೇ ಎನ್ನಬಹುದು. ಇತ್ತು, ಆದರೆ ಮಣಿ ಸರಿಸುತ್ತಲೇ ಸೊಸೆ ಹಾಲು ಉಕ್ಕಿಸಿದ್ದನ್ನು ಪತ್ತೆಹಚ್ಚುವ ಅಜ್ಜಿಯರೂ ಇದ್ದರು. ಬಾಯಿಪಾಠವಾದ ಎಣಿಕೆ ಮನಸ್ಸನ್ನು ಕಟ್ಟಿಹಾಕದು. ಪ್ರತಿ ಸಲ ಹೊಸ ಐದನ್ನೇ ಹುಡುಕಬೇಕು. ಇದರಿಂದ ಸಾಲ ತೀರುತ್ತದೆಯೇ? ಇಲ್ಲ. ಆದರೆ ರಾತ್ರಿ ಎರಡಕ್ಕೆ ಎಷ್ಟು ಚಿಂತಿಸಿದರೂ ಬ್ಯಾಂಕು ಬಾಗಿಲು ತೆರೆಯದು. ತಿಂಗಳುಗಟ್ಟಲೆ ನಿದ್ದೆಗೆಟ್ಟವರಿಗೆ ಮಾತ್ರ ಈ ಎಣಿಕೆ ಸಾಲದು. ಅವರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಬ್ಯಾಂಕಿನಂತಲ್ಲ, ದಿನದ 24 ಗಂಟೆಯೂ ತೆರೆದಿರುತ್ತದೆ.