ಒಂಬತ್ತನೆಯ ಚಿರಂಜೀವಿಗೆ ಒಂದು ಬಿನ್ನಹ

ಶ್ರೀಮತ್ ಸಕಲಗುಣಸಂಪನ್ನ ಜಾಮೀನುರಹಿತ ವಾರಂಟು ಮಹಾಶಯರ ಸನ್ನಿಧಿಗೆ,
ಮೊಕ್ಕಾಂ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ.

ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂದು ಚಿರಂಜೀವಿಗಳು ಏಳು ಮಂದಿ. ಮಾರ್ಕಂಡೇಯನನ್ನೂ ಸೇರಿಸಿ ಎಂಟು ಎನ್ನುವವರಿದ್ದಾರೆ. ಒಂಬತ್ತನೆಯ ಪೀಠ ತಮ್ಮದು ಎನ್ನಲು ಪುರಾಣದ ಸಾಕ್ಷಿ ಬೇಕಿಲ್ಲ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಮೊಂದೇ ಸಾಕು. ಹೊರಡಿಸಿದ ನ್ಯಾಯಾಲಯವೇ ರದ್ದು ಮಾಡಬೇಕು, ಇಲ್ಲವೇ ತಾವು ಹಿಡಿಯಬೇಕಾದವನನ್ನು ಹಿಡಿದು ಮುಗಿಸಬೇಕು. ಅಲ್ಲಿಯವರೆಗೆ ತಮಗೆ ಸಾವಿಲ್ಲ. 2024ರ ಜುಲೈ 1ಕ್ಕೆ ಹೊಸ ಸಂಹಿತೆ ಬರುವ ಮುನ್ನ 1973ರ ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಮೂ ಇದೇ ವರವನ್ನು ಕೊಟ್ಟಿತ್ತು. ಅಂಗಡಿಯಲ್ಲಿ ಕೊಂಡ ಫ್ರಿಜ್ಜಿನ ವಾರಂಟಿ ಒಂದು ವರ್ಷಕ್ಕೆ ಮುಗಿಯುತ್ತದೆ, ತಮ್ಮದು ಕೊನೆಯ ಅಕ್ಷರವೊಂದು ಬೇರೆಯಾದ ಪುಣ್ಯಕ್ಕೆ ಆಜೀವ. ಸಹಿ ಹಾಕಿದ ನ್ಯಾಯಾಧೀಶರು ವರ್ಗವಾಗಿ ಹೋಗುತ್ತಾರೆ, ಜಾರಿ ಮಾಡಬೇಕಾದ ಪೇದೆ ನಿವೃತ್ತನಾಗುತ್ತಾನೆ, ಫಿರ್ಯಾದುದಾರನಿಗೆ ತನ್ನ ಸಿಟ್ಟೇ ಮರೆತಿರುತ್ತದೆ. ತಾವು ಮಾತ್ರ 'ಎಲ್‌ಪಿಸಿ' ಎಂಬ ದೀರ್ಘಕಾಲ ಬಾಕಿ ಪ್ರಕರಣಗಳ ಕಡತದಲ್ಲಿ ಯೋಗನಿದ್ರೆಯಲ್ಲಿರುತ್ತೀರಿ. ಈ ಪತ್ರ ತಮ್ಮ ಅಧಿಕಾರವನ್ನು ಪ್ರಶ್ನಿಸುವುದಕ್ಕಲ್ಲ. ತಾವು ಯಾರನ್ನು ಹುಡುಕುತ್ತಿದ್ದೀರೋ ಆ ಮನುಷ್ಯನಿಗೆ ತಮ್ಮನ್ನು ಹುಡುಕುವ ದಾರಿ ಗೊತ್ತಿಲ್ಲ ಎಂಬುದನ್ನು ಅರಿಕೆ ಮಾಡಿಕೊಳ್ಳುವುದಕ್ಕೆ.

ತಮ್ಮ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 'ವಾರಂಟ್ ಆಗ್ಯಾದಂತ' ಎಂಬ ಮಾತು ಕೇಳಿದರೆ ಕೊಲೆಯನ್ನೋ ದರೋಡೆಯನ್ನೋ ಊಹಿಸುತ್ತಾರೆ. ಆದರೆ ನ್ಯಾಯಪೀಠದಿಂದ ನೇರವಾಗಿ ಇಳಿದು ಬರುವ ವಾರಂಟಿಗೆ ಅಪರಾಧಕ್ಕಿಂತ ಗೈರುಹಾಜರಿ ಹತ್ತಿರದ ನೆಂಟ. ಕೂಗಿದಾಗ ಓಗೊಡದೆ ಇದ್ದುದಕ್ಕೆ ತಾವು ಹುಟ್ಟುತ್ತೀರಿ. ಚೆಕ್ ಬೌನ್ಸ್ ಆದವನು, ಹೊಲದ ಬದುವಿಗಾಗಿ ಕೈ ಮಿಲಾಯಿಸಿದವನು, ಲಾರಿ ಉರುಳಿಸಿದವನು, ಕೊನೆಗೆ ಜಗಳವನ್ನು ದೂರದಿಂದ ನೋಡಿದ ತಪ್ಪಿಗೆ ಸಾಕ್ಷಿಯಾದವನು ಕೂಡ ತಮ್ಮ ಪಟ್ಟಿಗೆ ಬೀಳಬಹುದು. ಗೈರುಹಾಜರಿಗೆ ಈ ಸೀಮೆಯಲ್ಲಿ ಕಾರಣಗಳ ಬರವಿಲ್ಲ. ತೊಗರಿ ರಾಶಿ ಮುಗಿಯುತ್ತಲೇ ಚಿಂಚೋಳಿ, ಚಿತ್ತಾಪುರದ ತಾಂಡಾಗಳ ಮನೆಗಳಿಗೆ ಬೀಗ ಬೀಳುತ್ತದೆ, ಜನ ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡಗಳ ಕೆಳಗೆ ಬಿಡಾರ ಹೂಡುತ್ತಾರೆ. ಹಾಗೆ ಹೋದವನ ಮನೆಗೆ ಸಮನ್ಸು ಬಂದರೆ ಹಳೆಯ ಸಂಹಿತೆಯ 64ನೇ ಕಲಮಿನ ಪ್ರಕಾರ ಅದನ್ನು ಮನೆಯ ವಯಸ್ಕ ಗಂಡಸಿನ ಕೈಗೆ ಕೊಡಬೇಕಿತ್ತು. ಗಂಡಸರೆಲ್ಲ ಗುಳೆ ಹೋದ ಊರಿನಲ್ಲಿ ಹೊಲ, ದನ, ಮಕ್ಕಳು, ಸಾಲ ಎಲ್ಲವನ್ನೂ ಹೊತ್ತು ನಿಂತ ಹೆಂಗಸು ಒಂದು ಕಾಗದ ತೆಗೆದುಕೊಳ್ಳಲು ಮಾತ್ರ ಯೋಗ್ಯಳಲ್ಲ ಎಂದು ಕಾನೂನು ಐವತ್ತು ವರ್ಷ ನಂಬಿಕೊಂಡಿತ್ತು. ಹೊಸ ಸಂಹಿತೆ 'ಗಂಡಸು' ಎಂಬ ಪದವನ್ನು ಕಿತ್ತುಹಾಕಿದೆ. ಇದಕ್ಕೆ ತಮ್ಮ ಪರವಾಗಿ ನಾವೇ ಧನ್ಯವಾದ ಹೇಳುತ್ತೇವೆ.

ಸಮನ್ಸು ತಲುಪಿದವರೂ, ಒಮ್ಮೆ ಹಾಜರಾಗಿ ಜಾಮೀನು ಪಡೆದವರೂ ಮುಂದಿನ ತಾರೀಖುಗಳಿಗೆ ತಪ್ಪಿಸಿಕೊಳ್ಳುವುದುಂಟಲ್ಲ ಎಂದು ತಾವು ಹೇಳಬಹುದು. ಉಂಟು. ಆದರೆ ಆ ತಪ್ಪಿಸಿಕೊಳ್ಳುವಿಕೆಯ ಅರ್ಥಶಾಸ್ತ್ರವನ್ನೂ ನೋಡಬೇಕು. ಪೇಶಿಯ ದಿನ ಬರಲಾಗದಿದ್ದರೆ ವಕೀಲರು ಹಾಜರಾತಿ ವಿನಾಯಿತಿಗೆ ಅರ್ಜಿ ಹಾಕಬಹುದು, ಹೊಸ ಸಂಹಿತೆಯ 355ನೇ ಕಲಮು ಇರುವುದೇ ಅದಕ್ಕೆ. ಅರ್ಜಿ ಹಾಕಲು ವಕೀಲರಿಗೆ ಫೀಸು ಮುಟ್ಟಿರಬೇಕು, ಫೀಸು ಮುಟ್ಟಲು ಕೂಲಿ ಸಿಕ್ಕಿರಬೇಕು, ಕೂಲಿ ಸಿಗಲು ಪೇಶಿಯ ದಿನ ಪುಣೆಯಲ್ಲಿರಬೇಕು. ಈ ಚಕ್ರದಲ್ಲಿ ಒಂದು ಹಲ್ಲು ಮುರಿದರೆ ತಮ್ಮ ಜನನ. ಹುಟ್ಟಿದ ಮೇಲೆ ತಾವು ಒಬ್ಬನನ್ನೇ ಹಿಡಿಯುವುದೂ ಇಲ್ಲ. ಪಹಣಿ ತಂದುಕೊಟ್ಟು ಜಾಮೀನು ನಿಂತ ಸೋದರಮಾವನ ಮುಚ್ಚಳಿಕೆ ಜಪ್ತಿಯಾಗುವ ಕ್ರಮ ಶುರುವಾಗುತ್ತದೆ. ಅಲ್ಲಿಗೆ ಆರೋಪಿ ಊರಿಗೆ ಬರುವ ಧೈರ್ಯವನ್ನೇ ಬಿಡುತ್ತಾನೆ. ಬಂದರೆ ಹಿಡಿಯುತ್ತಾರೆಂದು ಬಾರದೆ ಇರುವುದು, ಬಾರದ್ದಕ್ಕೆ ಇನ್ನೊಂದು ವಾರಂಟು ಹೊರಡುವುದು: ತಾವು ತಮ್ಮ ಸಂತಾನವನ್ನು ಬೆಳೆಸಿಕೊಳ್ಳುವ ರೀತಿ ಇದು.

ರಾಜಾಜ್ಞೆಯನ್ನು ಹೇಗೆ ತಿಳಿಸಬೇಕು ಎಂಬ ವಿಷಯದಲ್ಲಿ ಈ ನೆಲಕ್ಕೆ ಪಾಠದ ಕೊರತೆಯಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ದಂಡೆಯ ಗುಡಿಯೊಂದರಲ್ಲಿ, ದೇವಿಯ ಪೀಠವಾಗಿ ಕೂತಿದ್ದ ಕಲ್ಲುಚಪ್ಪಡಿಯ ಮೇಲೆ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿ ಕಳಿಂಗದಲ್ಲಿ ದೊರೆತ 'ಪ್ರತ್ಯೇಕ ಶಾಸನ'ಗಳ ಪಾಠವೂ ಇದೆ. ಅವುಗಳಲ್ಲಿ ಮೊದಲನೆಯದು ನ್ಯಾಯ ನೋಡುವ ಅಧಿಕಾರಿಗಳಿಗೆ ಹೇಳಿದ ಬುದ್ಧಿಮಾತು: ಕಾರಣವಿಲ್ಲದೆ ಯಾರೂ ಸೆರೆಗೆ, ಹಿಂಸೆಗೆ ಸಿಕ್ಕಬಾರದು, ಸಿಟ್ಟು, ಆತುರ, ಸೋಮಾರಿತನ ಬಿಟ್ಟು ಕೆಲಸ ಮಾಡಿ ಎಂಬುದು ಅದರ ಸಾರ. ಆ ಆಜ್ಞೆಯನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬೇಕು ಎಂದೂ ಅದು ವಿಧಿಸುತ್ತದೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಚಕ್ರವರ್ತಿಗೆ ಕೇಳುಗನೊಬ್ಬನ ಚಿಂತೆಯಿತ್ತು. ಶಹಾಬಾದ್ ಬಳಿಯ ಮರತೂರಿನವನೆಂದು ಈ ಭಾಗ ಹೆಮ್ಮೆಪಡುವ ವಿಜ್ಞಾನೇಶ್ವರ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬರೆದ ಮಿತಾಕ್ಷರದ ವ್ಯವಹಾರ ಭಾಗದಲ್ಲಿ ಯಾರನ್ನು ನ್ಯಾಯಸಭೆಗೆ ಕರೆಸಬೇಕು ಎಂಬುದರ ಜೊತೆಗೆ ಯಾರನ್ನು ಕರೆಸಬಾರದು ಎಂದೂ ಉಲ್ಲೇಖಿಸುತ್ತಾನೆ: ರೋಗಿ, ಮಗು, ಮುದುಕ, ಸಂಕಟದಲ್ಲಿರುವವನು, ಬಿಟ್ಟರೆ ಕೆಟ್ಟುಹೋಗುವ ಕೆಲಸದಲ್ಲಿ ತೊಡಗಿದವನು. ಹಿಂದೂ ಉತ್ತರಾಧಿಕಾರದ ಪ್ರಶ್ನೆ ಬಂದಾಗ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಮಾತು ನಡೆಸಿಕೊಂಡ ಪಂಡಿತನ ಈ ಸಣ್ಣ ಪಟ್ಟಿ ಅವನ ಸ್ವಂತ ಊರಿನ ಆಸುಪಾಸಿನಲ್ಲೇ ಮರೆತುಹೋಗಿದೆ. ಆಸ್ತಿ ಪಾಲಿಗೆ ಅವನು ಬೇಕು, ಪೇಶಿಗೆ ಬೇಡ.

ಇಂದಿನ ಸರ್ವೋಚ್ಚ ನ್ಯಾಯಾಲಯವೂ ತಮ್ಮನ್ನು ಹದ್ದುಬಸ್ತಿನಲ್ಲಿಡಲು ಪ್ರಯತ್ನಿಸದೆ ಇಲ್ಲ. ಮೊದಲು ಸಮನ್ಸು, ಬಾರದಿದ್ದರೆ ಜಾಮೀನುಸಹಿತ ವಾರಂಟು, ಅದಕ್ಕೂ ಬಗ್ಗದಿದ್ದರೆ ಮಾತ್ರ ತಾವು ಎಂಬ ಮೆಟ್ಟಿಲನ್ನು 2007ರ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಕಟ್ಟಿಕೊಟ್ಟಿತು. 2022ರ ಸತೇಂದರ್ ಕುಮಾರ್ ಆಂಟಿಲ್ ತೀರ್ಪು ಇನ್ನೂ ಮುಂದೆ ಹೋಗಿ, ಏಳು ವರ್ಷದವರೆಗಿನ ಶಿಕ್ಷೆಯ ಆರೋಪವಿದ್ದು ತನಿಖೆಯಲ್ಲಿ ಬಂಧನವಾಗದೆ ಸಹಕರಿಸಿದವರು ವಾರಂಟು ಜಾರಿಯಾಗುವ ಮೊದಲೇ ಅರ್ಜಿ ಹಾಕಿ ಮುಂದಿನ ತಾರೀಖಿಗೆ ಖುದ್ದಾಗಿ ಬರುತ್ತೇನೆಂದು ಬರೆದುಕೊಟ್ಟರೆ, ಆ ದಿನ ಅವರ ಹಾಜರಿಗೆ ಹಟ ಹಿಡಿಯದೆ ವಾರಂಟನ್ನು ರದ್ದು ಮಾಡಬಹುದು ಎಂದಿತು. ಇಷ್ಟು ದೊಡ್ಡ ಬಾಗಿಲು ತೆರೆದಿದ್ದರೂ ಅದರ ಮುಂದೆ ಜನ ಕಾಣುವುದು ಅಪರೂಪ. ಅದು ತೆರೆದಿದೆ ಎಂದು ಯಾರಾದರೂ ಹೇಳಬೇಕಲ್ಲ. ತಮ್ಮ ಇನ್ನೊಂದು ಸಾಹಸವೂ ಸರ್ವೋಚ್ಚ ನ್ಯಾಯಾಲಯದ ಕಡತದಲ್ಲಿದೆ. ಮುಂಬೈಯ ವಕೀಲರೊಬ್ಬರ ಮೇಲಿನ ವಾರಂಟು ಅದಾಗಲೇ ರದ್ದಾಗಿತ್ತು. ಸುದ್ದಿ ಠಾಣೆಗೆ ಹೋಗಿರಲಿಲ್ಲ. 2002ರ ಆಗಸ್ಟ್ 15ರಂದು, ದೇಶ ಧ್ವಜ ಹಾರಿಸುವ ದಿನ, ಅವರನ್ನು ಬಂಧಿಸಲಾಯಿತು. ಇನ್‌ಸ್ಪೆಕ್ಟರು ತಮ್ಮ ಕಿಸೆಯಿಂದ ₹2,000 ಕೊಡಬೇಕೆಂದು ಹೈಕೋರ್ಟು ಹೇಳಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ, ವಾರಂಟುಗಳಿಗೆ ಕ್ರಮಸಂಖ್ಯೆ ಇರಲಿ, ವಹಿ ಇರಲಿ, ರದ್ದಾದರೆ ಕೂಡಲೇ ಠಾಣೆಗೆ ತಿಳಿಸಿ ಎಂದು ದೇಶದ ಎಲ್ಲ ನ್ಯಾಯಾಲಯಗಳಿಗೆ ಮಾರ್ಗಸೂಚಿ ಕೊಟ್ಟಿತು. ಕಾನೂನು ಬಲ್ಲ ವಕೀಲರಿಗೇ ಈ ಗತಿಯಾದರೆ, ವಾಡಿ ಜಂಕ್ಷನ್ನಿನಲ್ಲಿ ರೈಲಿಳಿಯುವ ಕಲ್ಲುಗಣಿಯ ಕೂಲಿಯವನು ಏನು ತೋರಿಸಿ ಬಿಡಿಸಿಕೊಂಡಾನು?

ಆದ್ದರಿಂದ ನಮ್ಮ ಬಿನ್ನಹ ಇಷ್ಟೇ: ತಾವು ಅವಿತು ಕೂರಬೇಡಿ. ಇ-ಕೋರ್ಟ್ಸ್ ತಂತ್ರಾಂಶದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕಿನ ನ್ಯಾಯಾಲಯ ಆರಿಸಿ ಕಕ್ಷಿದಾರನ ಹೆಸರು ಹಾಕಿದರೆ ಪ್ರಕರಣ ಸಿಗುತ್ತದೆ, ಹದಿನಾರು ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಗೊತ್ತಿದ್ದರೆ ಇನ್ನೂ ಸುಲಭ ಎಂದು ತಿಳಿದವರು ಹೇಳುತ್ತಾರೆ. ನಿಜ. ಸೇಡಂನವನೊಬ್ಬನ ಕನ್ನಡ ಹೆಸರನ್ನು ಇಂಗ್ಲಿಷಿಗಿಳಿಸುವಾಗ ಯಾವ ಗುಮಾಸ್ತರು ಯಾವ ಕಾಗುಣಿತ ಬಳಸಿದರು ಎಂಬ ಜ್ಯೋತಿಷ್ಯ ಗೊತ್ತಿದ್ದರೆ ಖಂಡಿತ ಸಿಗುತ್ತದೆ. ಅದರ ಬದಲು ಪ್ರತಿ ತಾಲ್ಲೂಕಿನ ನ್ಯಾಯಾಲಯ ತನ್ನ ಬಾಕಿ ವಾರಂಟುಗಳ ವಿವರವನ್ನು ಕನ್ನಡದಲ್ಲಿ ಕಾನೂನು ಸೇವಾ ಸಮಿತಿಯ ಕೈಗೆ ಕೊಟ್ಟು, ಗುಳೆ ಹೋದವರು ಹಬ್ಬಕ್ಕೆ ಊರಿಗೆ ಬರುವ ದಿನಗಳನ್ನು ನೋಡಿ ವಾರಂಟು ಹಿಂಪಡೆಯುವ ದಿನವೊಂದನ್ನು ಗೊತ್ತುಮಾಡಲಿ. ಬಂದವನಿಗೆ ಅಲ್ಲೇ ವಕೀಲರು ಸಿಗಲಿ, ಕಾರಣ ಕೇಳಿ, ಬೇಕಾದರೆ ದಂಡ ಹಾಕಿ, ಹೊಸ ಮುಚ್ಚಳಿಕೆ ಬರೆಸಿಕೊಂಡು ಕಳಿಸಲಿ. ಇದೇನೂ ಕನಸಲ್ಲ. ಅಮೆರಿಕದಲ್ಲಿ ಕೌಂಟಿಗಳ ಮಟ್ಟದಲ್ಲಿ ಇಂಥ ವಾರಂಟುಗಳು ರಾಶಿ ಬಿದ್ದಾಗ, 2005ರಲ್ಲಿ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ ಒಂದು ಚರ್ಚನ್ನೇ ತಾತ್ಕಾಲಿಕ ನ್ಯಾಯಾಲಯ ಮಾಡಿ ಶರಣಾಗತಿಗೆ ಕರೆದರು. ನಾಲ್ಕು ದಿನದಲ್ಲಿ 800ಕ್ಕೂ ಹೆಚ್ಚು ಜನ ತಾವಾಗಿ ನಡೆದುಬಂದರು. ಅಷ್ಟು ಮಂದಿಯನ್ನು ಹುಡುಕಿ ಹಿಡಿಯಲು ಎಷ್ಟು ಜೀಪು, ಎಷ್ಟು ರಾತ್ರಿ ಬೇಕಿತ್ತೋ ಲೆಕ್ಕ ಹಾಕಿಕೊಳ್ಳಿ.

ಇದು ತಲೆತಪ್ಪಿಸಿಕೊಂಡವರಿಗೆ ಸನ್ಮಾನ ಮಾಡಿದಂತಲ್ಲವೇ ಎಂದು ಕೆಲವರು ಕೇಳುತ್ತಾರೆ. ಜಾಮೀನು ಪಡೆದು ಬೇಕೆಂದೇ ಬಾರದೆ ಇರುವುದು ಸ್ವತಃ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಮು ಹಾಗೆಯೇ ಇರಲಿ. ನಿಜವಾಗಿ ಪರಾರಿಯಾದವನಿಗೆ ಉದ್ಘೋಷಣೆ ಇದೆ, ಆಸ್ತಿ ಜಪ್ತಿ ಇದೆ, ಘೋರ ಅಪರಾಧದಲ್ಲಿ ಉದ್ಘೋಷಿತ ಅಪರಾಧಿಯಾದವನ ಗೈರಿನಲ್ಲೇ ವಿಚಾರಣೆ ನಡೆಸಲು ನಾಗರಿಕ ಸುರಕ್ಷಾ ಸಂಹಿತೆಯ 356ನೇ ಕಲಮೂ ಬಂದಿದೆ. ಅಂಥವನನ್ನು ಹುಡುಕಬೇಕಾದ ಪೇದೆಯನ್ನು ಬದುವಿನ ಜಗಳದ ಮುದುಕನ ಹಿಂದೆ ಓಡಿಸಿದರೆ ಲಾಭ ಯಾರಿಗೆ? ಪಟ್ಟಿ ಹೊರಬಿದ್ದರೆ ಮಾನ ಹೋಗುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಅದನ್ನು ಒಪ್ಪಬೇಕು. ಚಾವಡಿಯ ಗೋಡೆಗೆ ಹೆಸರು ಅಂಟಿಸುವ ಅಗತ್ಯವಿಲ್ಲ, ಕೇಳಿದವನಿಗೆ ಅವನದೇ ವಿವರ ಉಚಿತವಾಗಿ ಹೇಳುವ ಒಂದು ಮೇಜು ಸಾಕು. ಹೆಂಡತಿ ಮಕ್ಕಳಿಗೆ ಜೀವನಾಂಶ ಕೊಡದೆ ಅಡಗಿದವನ ಮೇಲೆ ಹೊರಟ ವಾರಂಟಿನ ವಿಷಯದಲ್ಲಿ ಮಾತ್ರ ನಾವು ತಮ್ಮ ಪಕ್ಷ. ಅಲ್ಲಿ ಆ ಹೆಂಗಸಿನ ಕೈಯಲ್ಲಿರುವ ಬಡಿಗೆ ತಾವು. ಹಿಂಪಡೆಯುವ ದಿನದಂದು ಅಂಥವನೂ ಬರಲಿ, ಬಾಕಿ ಕಂತು ಹಿಡಿದುಕೊಂಡೇ ಬರಲಿ. ನ್ಯಾಯಾಲಯಗಳಿಗೆ ಈಗಲೇ ಕೈತುಂಬ ಕೆಲಸವಿದೆ ಎಂಬ ಮಾತಿಗೆ ಉತ್ತರ ಇನ್ನೂ ಚಿಕ್ಕದು: 'ಆರೋಪಿ ಗೈರು, ವಾರಂಟು ಮರುಹೊರಡಿಸಿ' ಎಂದು ವರ್ಷಕ್ಕೆ ಆರು ಸಲ ಬರೆಯುವುದೂ ಕೆಲಸವೇ ತಾನೆ.

ಈ ಪತ್ರ ತಮಗೆ ತಲುಪುವ ಮೊದಲು ತಮ್ಮಲ್ಲಿ ಹೆಸರಿರುವ ಓದುಗರ ಕೈಗೂ ಸಿಗಬಹುದು, ಅವರಿಗೂ ಎರಡು ಮಾತು. ಠಾಣೆಯಲ್ಲಿ 'ನೋಡಿಕೊಳ್ಳೋಣ' ಎಂದವರಿಂದ, ಫಿರ್ಯಾದುದಾರನೊಂದಿಗೆ ಹೊಟೇಲಿನಲ್ಲಿ ಆದ ರಾಜಿಯಿಂದ, ಊರ ಗೌಡರ ಫೋನಿನಿಂದ ವಾರಂಟು ಸಾಯುವುದಿಲ್ಲ. ಅದನ್ನು ಹೆತ್ತ ನ್ಯಾಯಾಲಯವೊಂದೇ ಅದನ್ನು ಮುಗಿಸಬಲ್ಲದು. ಹಿಡಿಯುವ ಮುನ್ನ ನೀವಾಗಿ ಹೋದರೆ ನ್ಯಾಯಾಧೀಶರು ಕೇಳುವ ಕಿವಿಯೇ ಬೇರೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿ ಕೇಳದೆ ವಕೀಲರನ್ನು ಕೊಡುತ್ತಾರೆ. ರದ್ದಾದ ಮೇಲೆ ಆದೇಶದ ದೃಢೀಕೃತ ಪ್ರತಿಯೊಂದನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ನೊಂದು ಪ್ರತಿ ಕಿಸೆಯಲ್ಲಿರಲಿ, ಆಗಸ್ಟ್ 15ರಂದೂ.

ಇಂತು ತಮ್ಮ ವಿಧೇಯ,
ಸದ್ಯಕ್ಕೆ ಹಾಜರಿರುವ ಒಬ್ಬ ನಾಗರಿಕ