ಬಾಲ ನೋಡಿ ಕೈಮುಗಿಯಿರಿ

ತಲೆಯ ಮೇಲೆ ಸುತ್ತುತ್ತಿರುವ ಹಕ್ಕಿಗೆ ಕೈಮುಗಿಯಬೇಕೋ, ಕೈಯಲ್ಲಿರುವ ಕಬಾಬನ್ನು ಬಚ್ಚಿಟ್ಟುಕೊಳ್ಳಬೇಕೋ ಎಂಬುದನ್ನು ಅದರ ಬಾಲ ನೋಡಿ ತೀರ್ಮಾನಿಸಬೇಕು. ತುದಿ ನಡುವೆ ಕವಲೊಡೆದು ಒಳಗೆ ತಗ್ಗಿದ್ದರೆ ಹದ್ದು. ಬೀಸಣಿಗೆಯ ಹಾಗೆ ದುಂಡಗಿದ್ದರೆ ಗರುಡ. ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ಮೈ ಕಂಡರಂತೂ ಬಾಲದವರೆಗೆ ಹೋಗಬೇಕಾಗಿಯೇ ಇಲ್ಲ.

ಈ ಪಾಠ ನಮ್ಮ ದೊಡ್ಡಮ್ಮನ ಹತ್ತಿರ ನಡೆಯುವುದಿಲ್ಲ. ಮಹಡಿಯ ಮೇಲೆ ಸಂಡಿಗೆ ಕಾಯುತ್ತಾ ಕೂತು, ರೆಕ್ಕೆ ಅಗಲಿಸಿ ತೇಲಿದ್ದಕ್ಕೆಲ್ಲ ಕೆನ್ನೆ ಬಡಿದುಕೊಳ್ಳುತ್ತಾರೆ. "ದೊಡ್ಡಮ್ಮ, ಅದು ಹದ್ದು. ಬಾಲ ನೋಡಿ" ಎಂದರೆ, "ದೇವರನ್ನ ಯಾರಾದ್ರೂ ಹಿಂದಿನಿಂದ ನೋಡ್ತಾರೇನೋ?" ಎನ್ನುತ್ತಾರೆ. ಅದೇ ಹದ್ದು ಎದುರುಮನೆ ಟ್ಯಾಂಕಿನ ಮೇಲೆ ಇಲಿ ಹಿಡಿದು ಕೂತರೆ ಮಾತ್ರ "ಥೂ, ಶನಿ!"

ವಿಷಯವನ್ನು ಇನ್ನಷ್ಟು ಕೆಡಿಸುವುದು ಗರುಡನ ಮರಿ. ಅದರ ಮೈಯೆಲ್ಲ ಕಂದು, ಥೇಟು ಹದ್ದೇ. ಬಿಳಿ ತಲೆ ಬರುವವರೆಗೆ ಅದಕ್ಕೂ ನಮಸ್ಕಾರವಿಲ್ಲ.

ನನ್ನ ಮತ ಹದ್ದಿಗೆ. ರೆಕ್ಕೆ ಬಿಚ್ಚಿದರೆ ಸುಮಾರು 5 ಅಡಿ, ತೂಕ ಸಾಮಾನ್ಯವಾಗಿ 1 ಕಿಲೋದೊಳಗೆ. ಬಿಸಿಲಿಗೆ ಕಾದು ಮೇಲೇರುವ ಗಾಳಿಯನ್ನು ಹಿಡಿದು, ರೆಕ್ಕೆ ಬಡಿಯದೆ, ಬಾಲವನ್ನಷ್ಟೇ ಅತ್ತಿತ್ತ ತಿರುಚುತ್ತಾ ಗಂಟೆಗಟ್ಟಲೆ ತೇಲುತ್ತದೆ. ಶಿವಾಜಿನಗರದ ಮಾಂಸದಂಗಡಿಗಳ ಮೇಲೆ ಗಸ್ತು ತಿರುಗುತ್ತಾ ಸಟ್ಟನೆ ಇಳಿದು, ಚೂರನ್ನು ಕಾಲಿನಲ್ಲಿ ಎತ್ತಿ, ಹಾರುತ್ತಲೇ ತಿಂದು ಮುಗಿಸುತ್ತದೆ. ತಟ್ಟೆಯಿಲ್ಲ, ಬಿಲ್ಲಿಲ್ಲ.

ಅದರ ಪ್ರಾಮಾಣಿಕತೆಯ ಬಗ್ಗೆ ಮಾತ್ರ ಹೇಳಲೇಬೇಕು. ಸ್ಪೇನಿನ ದೊನ್ಯಾನಾ ರಾಷ್ಟ್ರೀಯ ಉದ್ಯಾನದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹದ್ದುಗಳು ಗೂಡನ್ನು ಬಿಳಿ ಪ್ಲಾಸ್ಟಿಕ್ ಚೂರುಗಳಿಂದ ಸಿಂಗರಿಸುತ್ತವೆ. ಕಸುವುಳ್ಳ ಜೋಡಿಯ ಗೂಡಿನಲ್ಲಿ ಸಿಂಗಾರ ಹೆಚ್ಚು. ಅದನ್ನು ಕಂಡು ಬೇರೆ ಹದ್ದುಗಳು ದೂರವಿರುತ್ತವೆ. ಸಂಶೋಧಕರು ದುರ್ಬಲ ಹದ್ದುಗಳ ಗೂಡಿಗೆ ಒಂದಷ್ಟು ಚೂರು ಸೇರಿಸಿದರೆ, ಇಲ್ಲದ ಜಂಬ ಬೇಡವೆಂದು ಅವೇ ತೆಗೆದು ಬಿಸಾಕಿದವು. ಸಾಲ ಮಾಡಿ ಗೃಹಪ್ರವೇಶಕ್ಕೆ ಬೀದಿಯುದ್ದ ಸೀರಿಯಲ್ ಸೆಟ್ ಹಾಕಿಸುವವರು ನಾವು. ನಮ್ಮಿಂದ ಶನಿ ಎನಿಸಿಕೊಳ್ಳುವುದು ಆ ಹಕ್ಕಿ!

ಇತ್ತ ಗರುಡನ ದಿನಚರಿ? ಎಷ್ಟೋ ಊರಿನಲ್ಲಿ ಅವನು ಬಂದು ಒಂದು ಸುತ್ತು ಹಾಕದೆ ತೇರು ಎಳೆಯುವಂತಿಲ್ಲ. ಉಳಿದ ದಿನಗಳಲ್ಲಿ ಅವನನ್ನು ಮಂಗಳೂರಿನ ದಕ್ಕೆಯಲ್ಲಿ ನೋಡಬೇಕು: ಸತ್ತ ಮೀನು, ಮೀನಿನ ಕರುಳು, ಯಾವುದಾದರೂ ನಡೆಯುತ್ತದೆ. ಪಕ್ಕದಲ್ಲೇ ಹದ್ದು, ಅದೇ ಕರುಳಿಗೆ ಕಿತ್ತಾಟ.

ಇಷ್ಟನ್ನೂ ದೊಡ್ಡಮ್ಮನ ಮುಂದಿಟ್ಟೆ. ಸಂಡಿಗೆ ಮಗುಚಿ ಹಾಕುತ್ತಾ ಹೇಳಿದರು: "ಅಷ್ಟು ಭಾರದ ವಿಷ್ಣುನ ಹೊತ್ಕೊಂಡು ತಿರುಗ್ಬೇಕಲ್ಲೋ, ಬರೀ ಮೊಸರನ್ನ ತಿಂದ್ರೆ ಆಗತ್ತಾ?"